ಜನಗಣತಿ ಮೇಷ್ಟ್ರ ಶುಕ್ರವಾರದ ಪೀರಿಯಡ್

ಕಾಲೇಜಿನ ಬೆಳ್ಳಿಹಬ್ಬಕ್ಕೆ ಸ್ಮರಣ ಸಂಚಿಕೆ ತರುತ್ತಾರಂತೆ. ‘ನಿಮ್ಮ ಮೆಚ್ಚಿನ ವಿಷಯ, ಮೆಚ್ಚಿನ ಪ್ರಾಧ್ಯಾಪಕರು, ಅವರು ಏಕೆ ನೆನಪಿನಲ್ಲಿ ಉಳಿದರು, ಒಂದು ಪುಟ ಮೀರಬಾರದು, ಜೊತೆಗೆ ಕೋಟು ಹಾಕಿದ ಫೋಟೋ’ ಎಂದು ವಾಟ್ಸಾಪ್ ಗುಂಪಿನಲ್ಲಿ ಕರೆ ಬಂತು. ಬಹ್ರೇನಿನ ಗುದೈಬಿಯಾದ ಫ್ಲ್ಯಾಟಿನಲ್ಲಿ ಕೂತು ನಾನು ಅದನ್ನು ನೋಡುವಷ್ಟರಲ್ಲಿ ಹನ್ನೆರಡು ಜನ ಬರೆದು ಹಾಕಿಯೂ ಆಗಿತ್ತು. ಹನ್ನೆರಡೂ ಥರ್ಮೋಡೈನಮಿಕ್ಸ್ ಸರ್ ಬಗ್ಗೆ.

ಆಶ್ಚರ್ಯವಿಲ್ಲ. ಅವರು ಬಿಳಿ ಶರ್ಟಿನ ತೋಳು ಮಡಚಿ, ಎಡಗೈ ಜೇಬಿಗಿಳಿಸಿ, ಕೈಯಲ್ಲಿ ಚೀಟಿಯೂ ಇಲ್ಲದೆ ಪಾಠ ಮಾಡುತ್ತಿದ್ದರು. ಉಗಿಯ ಎಂಜಿನ್ನಿನಿಂದ ಹೊರಟು ಮನುಷ್ಯನ ಆಸೆ, ವೃದ್ಧಾಪ್ಯ, ಬ್ರಹ್ಮಾಂಡದ ಅಂತ್ಯದವರೆಗೆ ಹೋಗಿ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ವಾಪಸು ಬರುತ್ತಿದ್ದರು. ಅವರ ಪಾಠ ಕೇಳಿ ನನಗೆ ಅನೇಕ ಸಲ ರೋಮಾಂಚನವಾಗಿದೆ. ಅದೇ ವಿಷಯದಲ್ಲಿ ಎರಡು ಸಲ ಫೇಲೂ ಆಗಿದ್ದೇನೆ.

ನಾನು ಬರೆಯಬೇಕಾದವರು ಬೇರೆ. ಅವರನ್ನು ಯಾರೂ ಮೆಚ್ಚಿರಲಿಲ್ಲ, ನಾನೂ.

ಕೊನೆಯ ಸೆಮಿಸ್ಟರಿನಲ್ಲಿ ‘ಕೈಗಾರಿಕಾ ಸುರಕ್ಷತೆ’ ಎಂಬ ಐಚ್ಛಿಕ ವಿಷಯವಿತ್ತು. ಐಚ್ಛಿಕ ಎಂದರೆ ಬೇರೆ ಯಾವುದರಲ್ಲೂ ಪಾಸಾಗುವ ಭರವಸೆ ಇಲ್ಲದವರ ಇಚ್ಛೆ. ಶುಕ್ರವಾರ ಮಧ್ಯಾಹ್ನ ಊಟದ ನಂತರದ ಪೀರಿಯಡ್. ಮೇಷ್ಟ್ರಿಗೆ ವಾಕ್ಚಾತುರ್ಯವಿರಲಿಲ್ಲ. ಹಳದಿಗಟ್ಟಿದ ನೋಟ್ಸನ್ನು ಅಲ್ಪವಿರಾಮ ಸಹಿತ ಓದಿ ಬರೆಸುತ್ತಿದ್ದರು. ಆದರೆ ಹಾಜರಿ ಕರೆದ ಮೇಲೆ ಇನ್ನೊಂದು ಕೆಲಸ ಮಾಡುತ್ತಿದ್ದರು. ಸೀಮೆಸುಣ್ಣ ಹಿಡಿದ ಕೈಯನ್ನು ಬೆಂಚಿನಿಂದ ಬೆಂಚಿಗೆ ಆಡಿಸುತ್ತ ತಲೆ ಎಣಿಸಿ, ಸಂಖ್ಯೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆಯುತ್ತಿದ್ದರು. ಪಾಠ ಮುಗಿದಾಗ ಮತ್ತೆ ಎಣಿಕೆ. ಅದಕ್ಕೇ ಅವರಿಗೆ ‘ಜನಗಣತಿ’ ಎಂದು ಹೆಸರಿಟ್ಟಿದ್ದೆವು. ಅವರು ಬೆನ್ನು ತಿರುಗಿಸಿದರೆ ಹಿಂದಿನ ಬೆಂಚಿನಿಂದ ಕುರಿಯ ದನಿ ಕೇಳುತ್ತಿತ್ತು. ಅದರಲ್ಲಿ ನನ್ನ ಪಾಲೂ ಇತ್ತು.

ದನಿ ಅನುಕರಿಸುವುದರಲ್ಲಿ ನಾನು ಪ್ರವೀಣ. ರೋಲ್ ನಂಬರಿನಲ್ಲಿ ನನ್ನ ಹಿಂದೆಯೇ ಬರುವ ಗೆಳೆಯ ಕರಾವಳಿಯವನು. ಮೂಗಿನಿಂದ ಹೊರಟು ಕೊನೆಗೆ ಮೇಲೇರುವ ಅವನ ‘ಪ್ರೆಸೆಂಟ್ ಸಾರ್’ ಅನ್ನು ನಾನು ಅವನಿಗಿಂತ ಚೆನ್ನಾಗಿ ಹೇಳುತ್ತಿದ್ದೆ. ಅವನು ಮ್ಯಾಟಿನಿಗೆ ಹೋದಾಗ ನಾನು ಅವನಾಗುತ್ತಿದ್ದೆ, ನಾನು ಮಲಗಿದಾಗ ಅವನು ನಾನಾಗುತ್ತಿದ್ದ. ನಾಲ್ಕು ವರ್ಷದ ಎಂಜಿನಿಯರಿಂಗ್‌ನಲ್ಲಿ ನಾವಿಬ್ಬರೂ ತಪ್ಪಿಲ್ಲದೆ ಕಲಿತ ವಿದ್ಯೆ ಇದೊಂದೇ.

ಒಂದು ಶುಕ್ರವಾರ ಹೆಸರು ಕರೆದಾಗ ಹೂಂಗುಟ್ಟಿದವರು ನಲವತ್ತೆಂಟು, ಎಣಿಸಿದರೆ ತಲೆ ಮೂವತ್ತೊಂದು. ಜನಗಣತಿ ಬೈಯಲಿಲ್ಲ. ಎರಡು ಸಂಖ್ಯೆಗಳನ್ನೂ ಬೋರ್ಡಿನ ಮೇಲೆ ಬರೆದು, ಕಳೆದು, ಉತ್ತರದ ಕೆಳಗೆ ಗೆರೆ ಎಳೆದರು.

‘ಹದಿನೇಳು ಜನ ಸತ್ತಿದಾರೆ ಕಣಪ್ಪ. ಫ್ಯಾಕ್ಟರಿಗೆ ಬೆಂಕಿ ಬಿತ್ತು, ಎಲ್ಲರೂ ಹೊರಗೆ ಬಂದ್ರು ಅಂತ ನೀವು ಹೇಳಿದ್ರಿ, ನಾನು ಬಾಗಿಲು ಹಾಕ್ದೆ. ಈಗ ಅವರ ಮನೆಗೆ ಯಾರು ತಿಳಿಸ್ತೀರಿ?’

ಕ್ಲಾಸು ನಕ್ಕಿತು. ಅವರು ನಗಲಿಲ್ಲ. ‘ಯಾರು ಯಾರ ಹೆಸರಿಗೆ ಕೂಗಿದ್ರೋ ಅವರ ಅಪ್ಪನಿಗೆ ಒಂದು ಕಾಗದ ಬರೀರಿ. ಹತ್ತು ಮಾರ್ಕ್ಸು, ಇಂಟರ್ನಲ್ಸಿಗೆ ಸೇರುತ್ತೆ.’

ಮಾರ್ಕ್ಸು ಎಂದ ಮೇಲೆ ಎಲ್ಲರೂ ಬರೆದೆವು. ನಾನು ಗೆಳೆಯನ ತಂದೆಗೆ ‘ತೀರ್ಥರೂಪ ಸಮಾನರಾದ’ ಎಂದು ಶುರುಮಾಡಿ, ತಮ್ಮ ಸುಪುತ್ರ ಚಿತ್ರಮಂದಿರದ ಬಾಲ್ಕನಿಯಲ್ಲಿ ವೀರಮರಣ ಹೊಂದಿದನೆಂದೂ, ಕೊನೆಯುಸಿರಿನಲ್ಲೂ ಇಂಟರ್‌ವಲ್ಲಿನ ಸಮೋಸ ಕೇಳಿದನೆಂದೂ ಒಂದು ಪುಟ ತುಂಬಿಸಿದೆ. ಮುಂದಿನ ವಾರ ಕಾಗದ ವಾಪಸು ಬಂತು. ಎರಡು ಕಾಗುಣಿತ ತಿದ್ದಿದ್ದರು. ಹತ್ತಕ್ಕೆ ಏಳು. ಕೆಳಗೆ ಕೆಂಪು ಶಾಯಿಯಲ್ಲಿ: ‘ಚೆನ್ನಾಗಿದೆ. ಕಟ್ಟಡದ ಯಾವ ಭಾಗದಲ್ಲಿ ಸಿಕ್ಕಿದ ಎಂದು ಬರೆದಿಲ್ಲ.’ ಅದನ್ನು ಹಾಸ್ಟೆಲಿನ ಗೋಡೆಗೆ ಅಂಟಿಸಿ ಸೆಮಿಸ್ಟರ್ ಮುಗಿಯುವವರೆಗೂ ನಕ್ಕೆವು.

ಆಮೇಲೆ ಇಬ್ಬರೂ ಬಹ್ರೇನಿಗೆ ಬಂದೆವು. ಅಸ್ಕರ್‌ನಲ್ಲಿ ಭಾರಿ ಅಲ್ಯೂಮಿನಿಯಂ ಕಾರ್ಖಾನೆ ಇದೆ; ಊರಿನಲ್ಲಿ ನಾವು ಅಲ್ಲಿಯೇ ಇದ್ದೇವೆ ಎಂಬ ಅಭಿಪ್ರಾಯ ತಾನಾಗಿ ಬೆಳೆಯಿತು, ನಾವು ನೀರು ಹಾಕಿದೆವು. ನಿಜವಾಗಿ ನಮ್ಮದು ಅಲ್ಲಿಂದ ಬಹಳ ದೂರದ ಒಂದು ಶೆಡ್ಡು. ಕಿಟಕಿ ಚೌಕಟ್ಟಿಗೆ ಬೇಕಾದ ಪಟ್ಟಿಗಳನ್ನು ಒತ್ತಿ ತೆಗೆಯುವ ಒಂದು ಪ್ರೆಸ್ಸು. ಆ ಪ್ರೆಸ್ಸಿಗೆ ಎಣ್ಣೆ ನೂಕುವ ಪಂಪುಗಳು ನೆಲಮಾಳಿಗೆಯಲ್ಲಿದ್ದವು.

ಶೆಡ್ಡು ಸಣ್ಣದಾದರೂ ಸುರಕ್ಷತೆಯ ಬೋರ್ಡುಗಳು ದೊಡ್ಡವು. ತಿಂಗಳಿಗೊಮ್ಮೆ ಬೆಳಿಗ್ಗೆ ಹತ್ತಕ್ಕೆ ಅಣಕು ಸೈರನ್ ಆಗುತ್ತಿತ್ತು. ಎಲ್ಲರೂ ಗೇಟಿನ ಪಕ್ಕದ ಹಸಿರು ಬೋರ್ಡಿನ ಕೆಳಗೆ ಕೆಂಡದಂಥ ಬಿಸಿಲಲ್ಲಿ ನಿಲ್ಲಬೇಕು, ಸೇಫ್ಟಿ ಆಫೀಸರ್ ಹೆಸರು ಕೂಗುತ್ತಾನೆ, ‘ಹಾಜಿರ್’ ಎನ್ನಬೇಕು. ಲಾಹೋರಿನ ಕಡೆಯ ಈ ಮನುಷ್ಯ ಹಾಳೆಯಿಂದ ತಲೆ ಎತ್ತುತ್ತಿರಲಿಲ್ಲ. ಹಾಗಾಗಿ ನಮ್ಮ ಹಳೆಯ ವಿದ್ಯೆ ಇಲ್ಲಿಯೂ ಊಟ ಹಾಕಿತು. ಸೈರನ್ ಆದೊಡನೆ ಗೆಳೆಯ ಕಾಂಪೌಂಡಿನ ಹಿಂದಿನ ಕರಕ್ ಚಹಾದ ಅಂಗಡಿಗೆ; ನಾನು ಬಿಸಿಲಿಗೆ, ಎರಡು ದನಿ ಹೊತ್ತುಕೊಂಡು.

ಒಂದು ದಿನ ಬೆಳಿಗ್ಗೆ ಅವನು ಕೈಗವಸು ಹಾಕಿಕೊಳ್ಳುತ್ತ, ‘ಎರಡನೇ ಪಂಪು ಎಂತದೋ ಕಿರಿಕಿರಿ ಮಾಡ್ತಾ ಉಂಟು ಮಾರಾಯ, ಕೆಳಗೆ ಹೋಗಿ ನೋಡಿ ಬರ್ತೇನೆ’ ಎಂದ.

‘ಹತ್ತಕ್ಕೆ ಸೈರನ್ ಇರಬಹುದು.’

‘ಹಾಗಾದ್ರೆ ನಾನು ಹಾಜಿರ್,’ ಎಂದು ಹೋದ.

ಸೈರನ್ ಹತ್ತಕ್ಕೇ ಆಯಿತು. ಬೈಯುತ್ತ ಹೊರಗೆ ಬಂದೆವು. ಹೆಸರು ಕೂಗಿದರು. ನನ್ನದು ಬಂತು, ಹೇಳಿದೆ. ಅವನದು ಬಂತು, ಎಂದಿನಂತೆ ಚಹಾಕ್ಕೆ ಹೋಗಿರುತ್ತಾನೆ ಎಂದುಕೊಂಡು ಮೂಗಿನಿಂದ ಎತ್ತಿ ಮೇಲೇರಿಸಿ ಹೇಳಿದೆ. ಪಕ್ಕದವರು ಮುಸಿ ಮುಸಿ ನಕ್ಕರು. ನನಗೆ ಸ್ವಲ್ಪ ಹೆಮ್ಮೆಯೂ ಆಯಿತು ಎಂದು ಬರೆಯದೆ ಇದ್ದರೆ ಸುಳ್ಳಾಗುತ್ತದೆ. ಆಗಲೇ ಶೆಡ್ಡಿನ ಮೇಲ್ಗವಾಕ್ಷಿಯಿಂದ ಕಪ್ಪು ಹೊಗೆ ಬಂತು.

ಅದು ಅಣಕು ಆಗಿರಲಿಲ್ಲ.

ಗಾಳಿಯ ಸಿಲಿಂಡರ್ ಬೆನ್ನಿಗೇರಿಸಿ ನಮ್ಮದೇ ರಕ್ಷಣಾ ತಂಡದ ಮೂವರು ಬಾಗಿಲಲ್ಲಿ ನಿಂತಿದ್ದರು. ಆಫೀಸರ್ ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿ, ‘ಸಬ್ ಬಾಹರ್ ಹೈ. ಕೋಯಿ ಅಂದರ್ ನಹೀ ಜಾಯೇಗಾ,’ ಎಂದ. ಎಲ್ಲರೂ ಹೊರಗಿದ್ದಾರೆ, ಯಾರೂ ಒಳಗೆ ಹೋಗುವುದು ಬೇಡ. ಮೂವರೂ ಹಿಂದೆ ಸರಿದರು. ನಿಯಮದ ಪ್ರಕಾರ ಅದು ಸರಿಯಾದ ತೀರ್ಮಾನ. ಅಷ್ಟು ಹೊತ್ತಿಗೆ ಚಹಾದ ಅಂಗಡಿಯ ಮಲಯಾಳಿ ಹೊಗೆ ನೋಡಲು ಗೇಟಿಗೆ ಬಂದಿದ್ದ. ಅವನೊಬ್ಬನೇ.

‘ಹಮಾರಾ ದೋಸ್ತ್?’ ಎಂದೆ.

‘ಆಜ್ ತೋ ಆಯಾ ನಹೀ, ಭಾಯಿ.’ ಇವತ್ತು ಬಂದೇ ಇಲ್ಲ.

ಇಲ್ಲಿಂದ ಮುಂದಿನದನ್ನು ನಾನು ದಿನಾ ನೋಡುತ್ತೇನೆ. ಸ್ನಾನ ಮಾಡುವಾಗ, ಜುಫೈರ್‌ನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ಯಾರಾದರೂ ನನ್ನ ಹೆಸರು ಕೂಗಿದಾಗ. ನಾನು ತಕ್ಷಣ ಕಿರುಚಲಿಲ್ಲ. ಕಂಪನಿಯ ಬಸ್ಸಿನಲ್ಲಿ ಎ.ಸಿ. ಹಾಕಿಕೊಂಡು ಕೂತಿರಬಹುದು ಎಂದುಕೊಂಡೆ. ಬಸ್ಸಿನ ಕಡೆ ನಡೆದೆ, ಓಡಲಿಲ್ಲ; ಓಡಿದರೆ ಯಾಕೆ ಎಂದು ಕೇಳುತ್ತಾರೆ. ಬಸ್ಸು ಖಾಲಿ. ಸುಳ್ಳು ಹಾಜರಿ ಹಾಕಿದರೆ ಕೆಲಸ ಹೋಗುತ್ತದೆ, ವೀಸಾ ರದ್ದಾಗುತ್ತದೆ, ಊರಿನಲ್ಲಿ ಏನು ಹೇಳುವುದು ಎಂದೆಲ್ಲ ಯೋಚಿಸಲು ನನಗೆ ಸಮಯವಿತ್ತು. ಒಂದು ಸಿಗರೇಟು ಸೇದಿ ಮುಗಿಸುವಷ್ಟು ಸಮಯ. ಅವನು ಒಳಗೆ ಉಸಿರಾಡುತ್ತಿದ್ದುದು ಏನನ್ನು ಎಂಬ ಯೋಚನೆ ಈ ಪಟ್ಟಿಯ ಕೊನೆಯಲ್ಲಿ ಬಂತು.

ಬಾಯಿ ಬಿಡಿಸಿದ್ದು ಸ್ನೇಹವಲ್ಲ. ಆ ಕೆಂಪು ಶಾಯಿ. ಕಟ್ಟಡದ ಯಾವ ಭಾಗದಲ್ಲಿ ಎಂದು ಬರೆದಿಲ್ಲ. ಅದನ್ನು ಬರೆಯಬಲ್ಲವನು ಇಡೀ ಕಾಂಪೌಂಡಿನಲ್ಲಿ ನಾನೊಬ್ಬನೇ.

‘ಅವನು ನೆಲಮಾಳಿಗೆಯಲ್ಲಿದ್ದಾನೆ. ಎರಡನೇ ಪಂಪಿನ ಹತ್ತಿರ,’ ಎಂದೆ. ಕನ್ನಡದಲ್ಲಿ ಹೇಳಿದ್ದೆನಂತೆ. ಯಾರಿಗೂ ಅರ್ಥವಾಗದೆ ಇನ್ನೊಮ್ಮೆ ಹಿಂದಿಯಲ್ಲಿ ಹೇಳಬೇಕಾಯಿತು.

ಮೂವರೂ ಒಳಗೆ ಹೋದರು. ಮೆಟ್ಟಿಲಿನ ಮೂರನೇ ಹಂತದಲ್ಲಿ ಬೋರಲು ಬಿದ್ದಿದ್ದವನನ್ನು ಹೊತ್ತು ತಂದರು. ಬದುಕಿದ. ಆಸ್ಪತ್ರೆಯಲ್ಲಿ ಹಲವು ವಾರ ಇದ್ದ. ಹೊಗೆ ಅವನ ಗಂಟಲಿನಿಂದ ಏನನ್ನೋ ಒಯ್ದಿತು. ಈಗ ಮಾತನಾಡಿದರೆ ಒಣ ಎಲೆಯ ಮೇಲೆ ನಡೆದಂತೆ ಕೇಳುತ್ತದೆ.

ವರದಿ ಬರೆಯುವ ಹೊತ್ತಿಗೆ ಎಲ್ಲರಿಗೂ ಒಂದೇ ಚಿಂತೆ: ಹಾಳೆಯಲ್ಲಿ ಅವನು ಹಾಜರಿದ್ದದ್ದು ಹೇಗೆ? ಆಫೀಸರನಿಗೂ ಕೆಲಸ ಬೇಕಿತ್ತು, ಮ್ಯಾನೇಜರಿಗೂ ಬೇಕಿತ್ತು. ಹೊಸ ಹಾಳೆ ಬಂತು. ಅದರಲ್ಲಿ ಅವನ ಹೆಸರಿನ ಮುಂದೆ ಖಾಲಿ. ‘ಸಹೋದ್ಯೋಗಿಯ ಗೈರನ್ನು ಕ್ಷಿಪ್ರವಾಗಿ ಗುರುತಿಸಿ, ಸ್ಥಳವನ್ನು ನಿಖರವಾಗಿ ತಿಳಿಸಿದ್ದಕ್ಕಾಗಿ’ ನನಗೆ ‘ತಿಂಗಳ ಸುರಕ್ಷತಾ ತಾರೆ’ ಎಂಬ ಪ್ರಮಾಣಪತ್ರ ಕೊಟ್ಟರು. ಮ್ಯಾನೇಜರ್ ಕೈ ಕುಲುಕಿದ. ನಾನು ನಗುತ್ತಿರುವ ಫೋಟೋ ನೋಟಿಸ್ ಬೋರ್ಡಿನಲ್ಲಿ ಇನ್ನೂ ಇದೆ. ಕೋಟು ಹಾಕಿದ್ದೇನೆ, ಸ್ಮರಣ ಸಂಚಿಕೆಗೂ ಆಗುತ್ತದೆ.

ಆಸ್ಪತ್ರೆಯಲ್ಲಿಯೇ ಗೆಳೆಯನಿಗೆ ಎಲ್ಲವನ್ನೂ ಹೇಳಿದೆ, ಬಸ್ಸಿನ ಕಡೆ ನಡೆದದ್ದನ್ನೂ. ಅವನು, ‘ನೀನು ಒಳಗೆ ಇದ್ದಿದ್ರೆ ನಾನೂ ಹಾಜಿರ್ ಅಂತ ಕೂಗ್ತಿದ್ದೆ,’ ಎಂದ. ಮತ್ತೆ, ‘ಬಸ್ಸಿಗೆ ಓಡ್ತಿದ್ದೆ, ಅಷ್ಟೇ ವ್ಯತ್ಯಾಸ,’ ಎಂದ.

ಅವನು ಕೆಲಸಕ್ಕೆ ಮರಳಿದ ತಿಂಗಳೇ ಮತ್ತೆ ಅಣಕು ಸೈರನ್. ಈ ಸಲ ಯಾರೂ ಚಹಾಕ್ಕೆ ಹೋಗಲಿಲ್ಲ. ನನ್ನ ಹೆಸರು ಬಂತು, ಹೇಳಿದೆ. ಅವನ ಹೆಸರು ಬಂತು. ಅವನು ‘ಹಾಜಿರ್’ ಎಂದ. ನನ್ನ ಪಕ್ಕದಲ್ಲೇ ನಿಂತಿದ್ದ. ನನಗೇ ಸರಿಯಾಗಿ ಕೇಳಲಿಲ್ಲ. ಆಫೀಸರ್ ಇನ್ನೊಮ್ಮೆ ಕೂಗಿದ, ಹಾಳೆಯಿಂದ ತಲೆ ಎತ್ತದೆ. ಇಷ್ಟೆಲ್ಲ ಆದಮೇಲೂ ಆ ಮನುಷ್ಯ ತಲೆ ಎತ್ತಲಿಲ್ಲ. ಗೆಳೆಯ ಕೈ ಮೇಲೆತ್ತಿದ. ಆಮೇಲೆ ನನ್ನ ಪಕ್ಕೆಗೆ ತಿವಿದು, ಆ ಒಣ ದನಿಯಲ್ಲಿ ಹೇಳಿದ:

‘ನೀನೇ ಹೇಳು ಮಾರಾಯ. ಇವತ್ತು ನಿಜವಾಗಿ ಇದ್ದೇನಲ್ಲ.’

ಅವನ ರಟ್ಟೆ ಹಿಡಿದು ಸಾಲಿನಿಂದ ಹೊರಗೆ ಕರೆದುಕೊಂಡು ಹೋದೆ. ಆಫೀಸರನ ಹಾಳೆಯ ಮೇಲೆ ನಮ್ಮಿಬ್ಬರ ನೆರಳು ಬೀಳುವಷ್ಟು ಹತ್ತಿರ ನಿಲ್ಲಿಸಿ, ಅವನು ತಲೆ ಎತ್ತುವವರೆಗೆ ಕಾದೆ.

‘ಗಿನಿಯೇ,’ ಎಂದೆ. ಎಣಿಸಿ.