ಮಾಮಾನ ವಿಳಾಸದಲ್ಲಿ ಯಾರೋ ಇದ್ದಾರೆ

ಮಾನ್ವಿಯ ವೇದಶ್ರೀಗೆ ರಾಯಚೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ. ವ್ಯಾಪಾರಿಗಳು ಕೊಟ್ಟ ಇಮೇಲ್ ವಿಳಾಸ ನಿಜವೋ ಸುಳ್ಳೋ ನೋಡುವುದು ಅವಳ ಪಾಲಿಗೆ ಬಂದಿತ್ತು. ವಿಳಾಸದ ಕೊನೆಗೆ ಬರುವ ಹೆಸರು, ಅಂದರೆ ಡೊಮೇನ್, ಇಂಟರ್ನೆಟ್ಟಿನಲ್ಲಿ ಇದೆಯೋ ಇಲ್ಲವೋ ಎಂದು ಮೊದಲು ಪರೀಕ್ಷಿಸಬೇಕು. ಇದನ್ನು ಕಲಿಸಿದವರು ಸೋದರಮಾವ ಪ್ರಹ್ಲಾದ. ದೇವದುರ್ಗದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಅವರು ಅದರ ಹೆಸರಿನಲ್ಲೇ ಒಂದು ಡೊಮೇನ್ ಇಟ್ಟುಕೊಂಡಿದ್ದರು. "ಊರ ಇಲ್ಲಂದ ಮ್ಯಾಲೆ ಮನಿ ಎಲ್ಲಿಂದ ಬರ್ತದ ವೇದಾ? ಮೊದ್ಲ ಊರು ನೋಡು," ಅನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೆ ವರ್ಷದ ಹಣ ಕಟ್ಟಿ ಆ ಡೊಮೇನನ್ನು ಯಾರೂ ನವೀಕರಿಸಲಿಲ್ಲ. ವೇದಶ್ರೀ ಕೆಲಸದ ನಡುವೆ ಒಮ್ಮೊಮ್ಮೆ ಅದನ್ನೂ ಪರೀಕ್ಷೆಗೆ ಹಾಕುವಳು. 'ಇಲ್ಲ' ಎಂದು ಬರುವುದು. ಅದನ್ನು ನೋಡಿ ಅವಳಿಗೆ ಏನೋ ಒಂದು ಸಮಾಧಾನ.

ಬೇಸಿಗೆಯ ಒಂದು ಮಧ್ಯಾಹ್ನ 'ಇದೆ' ಎಂದು ಬಂತು.

ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು. ಅದೇ. ಮಾಮಾನ ವಿಳಾಸಕ್ಕೆ 'ಯಾರು?' ಎಂದಷ್ಟೇ ಬರೆದಳು. ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ಉತ್ತರ ಬಂದಿತ್ತು: 'ಪ್ರಹ್ಲಾದ. ವೇದಾ, ನಿನ್ನ ನೀಲಿ ಸೈಕಲ್ ಇನ್ನೂ ಇದೆಯೇ?'

ಚಿಕ್ಕಂದಿನಲ್ಲಿ ಆ ಸೈಕಲ್ ಮೇಲೆ ಕೂತ ಅವಳ ಫೋಟೋ ತೆಗೆದವರು ಮಾಮಾನೇ. ಮರುದಿನ ರಜೆ ಹಾಕಿ ದೇವದುರ್ಗದ ಬಸ್ಸು ಹತ್ತಿದಳು.

ಮಾಮಿ ಅಹಲ್ಯಾಬಾಯಿ ಬೆಚ್ಚಲಿಲ್ಲ. "ನನಗೂ ಯುಗಾದಿಯಿಂದ ಬರೀಲಿಕ್ಕತ್ತಾರ," ಎಂದು ಫೋನ್ ಮುಂದಿಟ್ಟರು. "ನನ್ನ ಹಸರು ಸೀರಿ, ತಿರುಪತಿಗೆ ಹೋದದ್ದು, ಎಲ್ಲಾ ಗೊತ್ತದ."

"ಅವರಲ್ಲ ಮಾಮಿ. ಆ ಡೊಮೇನ್ ಖಾಲಿ ಬಿದ್ದಿತ್ತು, ಯಾರೋ ಖರೀದಿ ಮಾಡ್ಯಾರ. ಮಾಮಾನ ಹೆಸರಿಗೆ ಬರೋ ಇಮೇಲ್ ಈಗ ಅವರಿಗೆ ಹೋಗ್ತದ. ಹೊಸಾ ಪಾಸ್‌ವರ್ಡ್ ತರಿಸಿಕೊಂಡು ಮಾಮಾ ಇಂಟರ್ನೆಟ್ಟಿನಾಗ ಇಟ್ಟಿದ್ದ ಫೋಟೋ ಎಲ್ಲಾ ತಗದು ನೋಡ್ಯಾರ."

"ಅವರಲ್ಲಂತ ಮೊದಲನೇ ದಿನಾನ ತಿಳೀತು. ನಿಮ್ಮ ಮಾಮಾ ನನ್ನ ಹೆಸರು ಹಿಡಿದು ಎಂದರ ಕರದಾರ?" ಮಾಮಿ ಸೆರಗು ಸರಿಪಡಿಸಿಕೊಂಡರು. "ಆದ್ರ ಏನರ ಕೇಳಿದ್ರ ಉತ್ತರ ಬರ್ತದಲ್ಲ."

ವೇದಶ್ರೀ ಓದುತ್ತ ಹೋದಳು. ಕೊನೆಯದು ಹಿಂದಿನ ಸಂಜೆಯದು: 'ಅಹಲ್ಯಾ, ಈಗ ಹೇಗಿದ್ದೀಯ, ಒಂದು ಫೋಟೋ ಕಳಿಸು.' ಕೆಳಗೆ ಮಾಮಿ ಕಳಿಸಿದ ಚಿತ್ರವಿತ್ತು. ಈಗ ಕೂತ ಇದೇ ಮಂಚ, ಹಿಂದೆ ಇದೇ ಕಿಟಕಿ.

ಇಬ್ಬರೂ ಕೂಡಿ, ಮಾಮಾನ ಫೋಟೋಗಳಿದ್ದ ಕಂಪನಿಗೆ ದೂರು ಬರೆದರು. ಆ ಖಾತೆ ಮುಚ್ಚಿದ್ದೇವೆಂದು ಸಂಜೆಯೊಳಗೆ ಕಂಪನಿಯವರು ತಿಳಿಸಿದರು. ವಿಳಾಸವನ್ನು ಬ್ಲಾಕ್ ಮಾಡಿದ್ದು ಮಾಮಿಯೇ. ಬೆರಳು ಒಂದು ಗಳಿಗೆ ತಡೆಯಿತು, ಆಮೇಲೆ ಒತ್ತಿತು.

ವೇದಶ್ರೀ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗೆ ಮಂಚ ಎಳೆಯುವ ಸಪ್ಪಳ ಕೇಳಿತು. ಮಾಮಿ ಅದನ್ನು ಕಿಟಕಿಯಿಂದ ದೂರ ಸರಿಸುತ್ತಿದ್ದರು.

"ಕಳಿಸಿದ್ದು ಕಳಿಸಿಬಿಟ್ಟೆ," ಅಂದರು. "ಅಂವಾ ಯಾರೋ ಏನೋ. ಅದನ್ನ ಏನು ಮಾಡ್ಯಾನು?"