ಚಂದ್ರನ ಕುಳಿ ತುಂಬಿದ ಗುರುವಪ್ಪ

ಸಿಡುಬು ಬಂದು ಬದುಕಿ ಉಳಿದವರು ಗುರುವಪ್ಪನ ಅಂಗಡಿಯನ್ನು ಹುಡುಕಿಕೊಂಡು ಬರುತ್ತಿದ್ದರು. ಆಗ ಕೊಡಗಿನಲ್ಲಿ ಬ್ರಿಟಿಷರ ಆಳ್ವಿಕೆ. ವಿರಾಜಪೇಟೆಯ ಪೇಟೆಬೀದಿಯಲ್ಲಿ ಫೋಟೋ ತೆಗೆಯುವವನು ಅವನೊಬ್ಬನೇ. ಆದರೆ ಅವನು ಹೆಸರು ಪಡೆದದ್ದು ಮುಖದ ಕಲೆಗಳನ್ನು ಮಾಯ ಮಾಡುವುದರಿಂದ. ಗಾಜಿನ ಪ್ಲೇಟಿನಲ್ಲಿ ಎಲ್ಲವೂ ತಿರುವುಮುರುವು: ಕೂದಲು ತಿಳಿ, ಮುಖ ಕಪ್ಪು, ಸಿಡುಬಿನ ಕುಳಿಗಳ ನೆರಳು ಸೂಜಿಮೊನೆಯಷ್ಟು ತಿಳಿ ಚುಕ್ಕಿ. ಪ್ಲೇಟನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಚೂಪು ಮಾಡಿದ ಪೆನ್ಸಿಲಿನಿಂದ ಆ ಚುಕ್ಕಿಗಳನ್ನು ಅವನು ಒಂದೊಂದಾಗಿ ತುಂಬುತ್ತಿದ್ದ. ಕಾಗದದ ಮೇಲೆ ಮುಖ ನಯವಾಗಿ ಮೂಡುತ್ತಿತ್ತು. ಫೋಟೋ ಕೈಗೆ ಬಂದಾಗ ಮುದುಕರು ಕೂಡ ಒಮ್ಮೆ ತಮ್ಮ ಕೆನ್ನೆ ಸವರಿಕೊಂಡು ನೋಡುತ್ತಿದ್ದರು.

ಅವನ ಹೆಂಡತಿ ಹೊನ್ನಮ್ಮನಿಗೂ ಸಿಡುಬು ಬಂದಿತ್ತು. ಆಮೇಲೆ ಅವಳು ನೀರು ಸೇದುವಾಗಲೂ ಬಾವಿಯೊಳಗೆ ಬಗ್ಗಿ ನೋಡುತ್ತಿರಲಿಲ್ಲ. ಗಂಡನ ಒತ್ತಾಯಕ್ಕೆ ಒಂದೇ ಒಂದು ಸಲ ಕ್ಯಾಮೆರಾದ ಮುಂದೆ ಕೂತಳು.

"ಒಂದು ಕಲೆಯೂ ಉಳಿಯಬಾರದು. ಈ ಮುಖ ಊರವರ ಕಣ್ಣಿಗೆ ಬೀಳಬಾರದು. ಮಾತು ಕೊಡಿ" ಎಂದಳು.

"ಕೊಟ್ಟೆ" ಎಂದ ಗುರುವಪ್ಪ. ಕೊಟ್ಟಂತೆ ನಡೆದುಕೊಂಡ.

ಮುಂದಿನ ಮಳೆಗಾಲದ ಚಳಿಜ್ವರದಲ್ಲಿ ಅವಳು ತೀರಿಕೊಂಡಳು. ಗೋಡೆಯ ಮೇಲೆ ಆ ಫೋಟೋ ಉಳಿಯಿತು.

ತೀರಿಹೋದವರಿಗೆ ಎಡೆ ಇಡುವ ದಿನ ಗುರುವಪ್ಪನ ತಾಯಿ ಫೋಟೋದ ಕೆಳಗೆ ಬಾಳೆಲೆ ಹಾಸಿದರು. ಅನ್ನದ ಚಟ್ಟುಗ ಹಿಡಿದವರು ಬಡಿಸದೆ ನಿಂತೇಬಿಟ್ಟರು.

"ಯಾರಿಗೆ ಬಡಿಸುವುದು ಗುರುವ? ಈ ಹೆಂಗಸು ಯಾರೋ ಏನೋ. ನಮ್ಮ ಹೊನ್ನ ಬಂದರೆ, ತನ್ನ ಎಲೆ ಇದು ಅಂತ ಹೇಗೆ ತಿಳಿಯಬೇಕು?"

"ಅವಳದೇ ಫೋಟೋ ಅವ್ವ."

"ನೀನು ತಿದ್ದಿದ್ದು."

ಕೊನೆಗೆ ಬಡಿಸಿದರು. ಬಾಗಿಲು ಮುಚ್ಚಿ ಇಬ್ಬರೂ ಜಗಲಿಯಲ್ಲಿ ಕೂತರು. ಒಳಗೆ ಏನೂ ಸದ್ದಿಲ್ಲ. ಆದರೆ ಮನೆಯ ಹಿಂದೆ, ಕಾಫಿ ಗಿಡಗಳ ತರಗೆಲೆಯ ಮೇಲೆ, ಯಾರೋ ಮೆಲ್ಲಗೆ ಒಂದು ಸುತ್ತು ಬಂದು ನಿಂತಂತಾಯಿತು. ತಾಯಿ ಮಗನ ಮುಖ ನೋಡಿದರು. ಅವನು ನೆಲ ನೋಡಿದ.

ಅಂದಿನಿಂದ ಗುರುವಪ್ಪ ಅವಳ ನಿಜವಾದ ಮುಖವನ್ನು ನೆನೆಯಲು ಹೊರಟ. ಆಗಲಿಲ್ಲ. ಕಣ್ಣು ಮುಚ್ಚಿದರೆ ಗೋಡೆಯ ಮೇಲಿನ ನಯವಾದ ಮುಖವೇ ಬರುತ್ತಿತ್ತು. ಅಡಿಗೆಮನೆಯಲ್ಲಿ ಬಳೆ ಸದ್ದಾದಂತೆನಿಸಿ ತಿರುಗಿದರೆ, ಮನಸ್ಸಿನಲ್ಲಿ ತಿರುಗಿ ನೋಡುತ್ತಿದ್ದವಳೂ ಆ ಅಪರಿಚಿತಳೇ. ದೊಡ್ಡ ಕುಳಿ ಇದ್ದದ್ದು ಎಡಗೆನ್ನೆಯಲ್ಲೋ ಬಲಗೆನ್ನೆಯಲ್ಲೋ? ಎಷ್ಟೋ ಮುಖಗಳ ಕುಳಿಗಳು ನೆನಪಿದ್ದವು, ಅವಳದು ಮಾತ್ರ ಇಲ್ಲ.

ಕಾಫಿ ಕೊಯ್ಲು ಶುರುವಾಗಿ ಆಕಾಶ ತೊಳೆದಂತಿದ್ದಾಗ, ಅಮ್ಮತ್ತಿ ಕಡೆಯ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮರುಳಸಿದ್ದಪ್ಪ ಬಟ್ಟೆಯಲ್ಲಿ ಸುತ್ತಿದ ಪ್ಲೇಟು ತಂದುಕೊಟ್ಟ. ಅವನ ಬಿಳಿ ದೊರೆ ದುರ್ಬೀನಿಗೆ ಕ್ಯಾಮೆರಾ ಕಟ್ಟಿ ಚಂದ್ರನ ಫೋಟೋ ತೆಗೆದಿದ್ದರು. ತೊಳೆದು ಪ್ರಿಂಟು ಹಾಕಿಕೊಡಬೇಕಿತ್ತು. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ, ಔಷಧಿ ನೀರಿನೊಳಗೆ, ಕಪ್ಪಾದ ಅರ್ಧಚಂದ್ರ ಮೇಲೆದ್ದ. ಅವನ ಅಂಚಿನ ತುಂಬ ಸಿಡುಬಿನಂಥ ತಿಳಿ ಚುಕ್ಕಿಗಳು. ಗುರುವಪ್ಪ ಹೆಚ್ಚು ಯೋಚಿಸಲಿಲ್ಲ. ಚಂದ್ರನೊಳಗಿನ ಮೊಲವನ್ನು ಹಾಗೇ ಬಿಟ್ಟು, ಕುಳಿಗಳನ್ನೆಲ್ಲ ತುಂಬಿದ.

ಮುಂದಿನ ತಿಂಗಳು ಪ್ರಿಂಟು ಕಳಿಸಿಕೊಟ್ಟ ಮರುದಿನವೇ ಮರುಳಸಿದ್ದಪ್ಪ ಮತ್ತೆ ಬಂದ.

"ಏನಯ್ಯಾ, ಚಂದ್ರನಿಗೇ ಕ್ಷೌರ ಮಾಡಿಬಿಟ್ಟಿದ್ದೀಯಲ್ಲ. ಬಾ, ದೊರೆ ಕರೀತಾರೆ."

"ಬೈತಾರಾ?"

"ಬೈದಿದ್ರೆ ಚೆನ್ನಾಗಿತ್ತು. ಬೆಳಿಗ್ಗೆಯಿಂದ ನಗ್ತಿದ್ದಾರೆ. ನನಗೆ ಅದೇ ಭಯ."

ಬಂಗಲೆ ತಲುಪುವಾಗ ಸೂರ್ಯ ಮುಳುಗಿದ್ದ. ಮರಗಳ ಮೇಲೆ ಅರ್ಧಚಂದ್ರ ನಿಂತಿದ್ದ. ಅಂಗಳದಲ್ಲಿ ಮುಕ್ಕಾಲಿಯ ಮೇಲೆ ಹಿತ್ತಾಳೆಯ ದುರ್ಬೀನು. ದೊರೆ ಗುರುವಪ್ಪನ ತಲೆಯನ್ನೇ ಹಿಡಿದು ಕಣ್ಣನ್ನು ಅಲ್ಲಿಗೆ ತಂದರು.

ಬೆಳಕೂ ಕತ್ತಲೆಯೂ ಕೂಡುವ ಗೆರೆಯ ಉದ್ದಕ್ಕೂ ಕುಳಿಗಳು. ಒಂದೊಂದರದೂ ಒಂದು ತುಟಿ ಬೆಳ್ಳಗೆ, ಒಂದು ತುಟಿ ಕಪ್ಪಗೆ. ಎಲ್ಲವೂ ಕಾದ ಬಾಣಲೆಯ ಮೇಲಿನ ಗಾಳಿಯಂತೆ ನಡುಗುತ್ತಿದ್ದವು. ಒಲೆ ಊದಲು ಹೊನ್ನಮ್ಮ ಬಗ್ಗಿದಾಗ ಬೆಂಕಿ ಅವಳ ಮುಖದ ಒಂದೇ ಪಕ್ಕಕ್ಕೆ ಬೀಳುತ್ತಿತ್ತು. ಆ ಮುಖ ಇನ್ನೇನು ಬಂತು ಎನ್ನುವಾಗ ಹೋಯಿತು.

"ಅಲ್ಲಿ ಇದೆ. ನೀನು ಯಾಕೆ ತೆಗೆದೆ?" ಎಂದರು ದೊರೆ, ತಮ್ಮ ಮುರುಕು ಕನ್ನಡದಲ್ಲಿ.

ಗುರುವಪ್ಪ ಮತ್ತೊಮ್ಮೆ ದುರ್ಬೀನಿಗೆ ಕಣ್ಣಿಟ್ಟ. ದೊರೆ ಹೊಸ ಪ್ಲೇಟು ಸೇರಿಸಿ, ದುರ್ಬೀನಿನ ಬಾಯಿಗೆ ಹಿಡಿದ ಕಪ್ಪು ರಟ್ಟನ್ನು ಅವನ ಕೈಗೆ ಕೊಟ್ಟರು. ಉಸಿರು ಹಿಡಿದು ಸರಿಸಿ ಮತ್ತೆ ಮುಚ್ಚಬೇಕು, ಅಷ್ಟೇ. ಸರಿಸಿದ, ಮುಚ್ಚಿದ.

"ಹಳೆ ಪ್ಲೇಟು ಮೊದಲಿನ ಹಾಗೆ ಆಗುತ್ತದಾ?"

"ಆಗುತ್ತದೆ ದೊರೆ. ಟರ್ಪೆಂಟೈನಿನಲ್ಲಿ ಒರೆಸಿದರೆ ಪೆನ್ಸಿಲು ಹೋಗುತ್ತದೆ. ಒಳಗೆ ಇದ್ದದ್ದು ಇದ್ದ ಹಾಗೇ ಇರುತ್ತದೆ."

ತಾನು ಆಡಿದ ಮಾತೇ ದಾರಿಯುದ್ದಕ್ಕೂ ಅವನ ಹಿಂದೆ ನಡೆದು ಬಂತು.

ಬೆಳಿಗ್ಗೆ ಚಂದ್ರನ ಪ್ಲೇಟನ್ನು ಹತ್ತಿಯಿಂದ ಒರೆಸಿದ. ಕುಳಿಗಳು ಮರಳಿ ಬಂದವು. ಆಮೇಲೆ ಪೆಟ್ಟಿಗೆಯ ತಳದಿಂದ ಹೊನ್ನಮ್ಮನ ಪ್ಲೇಟು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅವಳಿಗೆ ಮಾತು ಕೊಟ್ಟಿದ್ದೇನೆ ಅವ್ವ."

ತಾಯಿ ಮೊರದ ಅಕ್ಕಿಯಿಂದ ತಲೆ ಎತ್ತಲಿಲ್ಲ. "ಕೊಟ್ಟದ್ದು ಉಂಡು ತಿಂದು ಇದ್ದವಳಿಗೆ. ಈಗ ಹಸಿದವಳು ಸುತ್ತುತ್ತಿದ್ದಾಳೆ."

ಅವನು ಒರೆಸಿದ. ಹತ್ತಿ ಬೂದಿಬಣ್ಣಕ್ಕೆ ತಿರುಗಿತು. ಪ್ಲೇಟಿಗೆ ಬಿಸಿಲಿನಲ್ಲಿ ಚಿತ್ರ ಮೂಡುವ ಕಾಗದ ಒತ್ತಿ, ಚೌಕಟ್ಟಿಗೆ ಸೇರಿಸಿ, ಅಂಗಳದಲ್ಲಿ ಇಟ್ಟು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ಬಿಸಿಲು ಏರಿದ ಮೇಲೆ ಕಾಗದವನ್ನು ಜಗಲಿಯ ನೆರಳಿಗೆ ತಂದು ಬಿಡಿಸಿದ. ಹಣೆಯ ಮೇಲೆ ಒತ್ತೊತ್ತಾಗಿ ಕುಳಿಗಳು. ಎಡಗಣ್ಣಿನ ರೆಪ್ಪೆ ಒಂದಿಷ್ಟು ಜಗ್ಗಿತ್ತು. ದೊಡ್ಡ ಕುಳಿ ಯಾವ ಕೆನ್ನೆಯಲ್ಲೂ ಇರಲಿಲ್ಲ, ತುಟಿಯ ಮೂಲೆಯಲ್ಲಿತ್ತು. ಅವಳು ನಗುವಾಗ ಅದು ಮುಚ್ಚಿಹೋಗುತ್ತಿತ್ತು.

ತಾಯಿ ಬಂದು ಬಗ್ಗಿ ನೋಡಿದರು. "ಬಂದೆಯಾ ಮಗಳೇ" ಎಂದು ಮೆಲ್ಲಗೆ ಹೇಳಿ, ಒಳಗೆ ಹೋಗಿ ಅನ್ನಕ್ಕೆ ಇಟ್ಟರು.

ಕಾಗದ ಹಾಗೇ ಉಳಿಯಬೇಕಾದರೆ ಹೈಪೋ ನೀರಿನಲ್ಲಿ ಅದ್ದಬೇಕು. ಇಲ್ಲದಿದ್ದರೆ ಬೆಳಕು ಕಂಡಷ್ಟೂ ಕಪ್ಪಾಗುತ್ತ ಹೋಗುತ್ತದೆ. ಗುರುವಪ್ಪ ತಟ್ಟೆಗೆ ಹೈಪೋ ಸುರಿದ. ಕಾಗದವನ್ನು ಅದರ ಮೇಲೆ ಹಿಡಿದ. ಒಂದು ಕಲೆಯೂ ಉಳಿಯಬಾರದು ಎಂದಿದ್ದಳು ಅವಳು. ಕೊನೆಗೆ ಅದ್ದದೆ, ಪ್ಲೇಟು ಸುತ್ತುವ ಕಪ್ಪು ಕಾಗದದಲ್ಲಿ ಮಡಿಚಿಟ್ಟ. ಅದೇ ಸಂಜೆ ಅವಳ ಪ್ಲೇಟನ್ನು ಕಿಟಕಿಗೆ ನಿಲ್ಲಿಸಿ, ಪೆನ್ಸಿಲು ಚೂಪು ಮಾಡಿ, ಕುಳಿಗಳನ್ನೆಲ್ಲ ಮತ್ತೆ ತುಂಬಿದ. ಈ ಸಲ ಒಂದೊಂದರ ಬಳಿಯೂ ನಿಂತು ನಿಂತು ತುಂಬಿದ.

ಬಂದವರೆಲ್ಲ ಗೋಡೆಯ ಮೇಲೆ ನೋಡಿದ್ದು ನಯವಾದ ಮುಖವನ್ನೇ. ವರ್ಷಕ್ಕೊಂದು ದಿನ, ಎಡೆ ಬಡಿಸುವಷ್ಟು ಹೊತ್ತು, ಕಪ್ಪು ಕಾಗದ ಬಿಚ್ಚಿ ದೀಪದ ಮುಂದೆ ಇಡುತ್ತಿದ್ದ. ಮನೆಯ ಹಿಂದೆ ಮತ್ತೆಂದೂ ತರಗೆಲೆ ಸದ್ದಾಗಲಿಲ್ಲ. ಪ್ರತಿ ಸಲವೂ ಮುಖ ಒಂದಿಷ್ಟು ಮಬ್ಬಾಗಿರುತ್ತಿತ್ತು. ತಾಯಿ ತೀರಿಕೊಂಡ ಮೇಲೆ ಅವನೇ ಬಡಿಸಿದ. ಕಡೆಕಡೆಗೆ ಅದು ಬರೀ ಕಂದು ಹಾಳೆ. ಆದರೂ ಬಾಗಿಲು ಮುಚ್ಚುವ ಮೊದಲು ಗುರುವಪ್ಪ ಬಗ್ಗಿ, ತುಟಿಯ ಮೂಲೆ ಇದ್ದ ಜಾಗವನ್ನು ನೋಡಿ, ಅನ್ನ ಸಾಕೋ ಇನ್ನಷ್ಟು ಬೇಕೋ ಎಂದು ಕೇಳುತ್ತಿದ್ದ.