ಎರಡನೆಯ ಚರಗಿ

ನಳ ಬರುವ ದಿನ ಶಾಲೆಗೂ ರಜೆ ಹಾಕಿ ಕೊಡ ತುಂಬುತ್ತಿದ್ದವರು ವಿಜಯಪುರದ ಬಸಲಿಂಗಯ್ಯ ಮಾಸ್ತರರು. ಎಂಟು ದಿನಕ್ಕೊಮ್ಮೆ ಬರುವ ನೀರು. ಹನಿ ಚೆಲ್ಲಿದರೂ ಮನೆಯಲ್ಲಿ ರಂಪ. ನಿವೃತ್ತರಾದ ವರ್ಷ ಹೆಂಡತಿ ರುದ್ರವ್ವನ ಹಟಕ್ಕೆ ದಾಂಡೇಲಿ ಕಾಡಿಗೆ ಹೋಗಿ, ಕಾಳಿ ಹೊಳೆಯ ದಂಡೆಯಲ್ಲಿ ತಾಡಪತ್ರಿ ಕಟ್ಟಿ, ಮೂರು ಕಲ್ಲಿನ ಒಲೆ ಹೂಡಿದರು. ಸೆಳವಿಗೆ ಅಂಜಿ ನೀರಿಗಿಳಿಯದ ರುದ್ರವ್ವ ಚರಗಿಯಲ್ಲಿ ಮೊಗೆದು ಕಾಲಿಗೆ ಸುರಿದುಕೊಂಡು ಹುಡುಗಿಯಂತೆ ನಕ್ಕಳು. ಎರಡನೆಯ ಚರಗಿ ಎತ್ತಿದಾಗ ಮಾಸ್ತರರ ಬಾಯಿ ಸುಮ್ಮನಿರಲಿಲ್ಲ: “ಏ, ಸಾಕ ಮಾಡ! ಎಷ್ಟ ನೀರ ಚೆಲ್ಲತಿ?”

ಎದುರಿಗೇ ತುಂಬು ಹೊಳೆ ಹರಿಯುತ್ತಿದೆ ಎಂಬ ಎಚ್ಚರ ಬರುವಷ್ಟರಲ್ಲಿ ಅವಳು ಚರಗಿ ಬೋರಲು ಹಾಕಿ ಒಲೆಯ ಮುಂದೆ ಕೂತಿದ್ದಳು.

ಆರು ವರ್ಷವಾಯಿತು. ಪ್ರತಿ ವರ್ಷ ಮಾಸ್ತರರು ಮತ್ತೆ ಹೋಗೋಣವೆಂದು ಗೋಗರೆಯುತ್ತಾರೆ.

“ಬ್ಯಾಡ ಬಿಡ್ರಿ, ಹೊಳಿ ಬತ್ತೀತು” ಎನ್ನುತ್ತಾಳೆ ರುದ್ರವ್ವ. ನಗುವುದಿಲ್ಲ.